ಹೆಸರುಕಾಳಿನ ದ್ವೀಪಕ್ಕೆ ಜವಾಬ್ದಾರಿಯುತ ಮುಳುಗು ಪ್ರವಾಸ

ಅಹಮದಾಬಾದಿನಲ್ಲಿ ಸಮುದ್ರವಿಲ್ಲ ಎಂಬುದು ಭೂಗೋಳಶಾಸ್ತ್ರದ ಅಭಿಪ್ರಾಯ. ಸರ್ಕಾರ ಆ ಅಭಿಪ್ರಾಯವನ್ನು ಗೌರವಿಸುತ್ತದೆ, ಆದರೆ ಅದಕ್ಕೆ ಬದ್ಧವಾಗಿಲ್ಲ. ಆದಕಾರಣ ಸಾಗರತಳ ವೀಕ್ಷಣಾ ಕಚೇರಿಯನ್ನು ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿಯಲ್ಲಿ ಊರ ಹೊರಗೆ, ವಸ್ತ್ರಾಪುರದ ಎಮ್ಮೆ ಮೀಯುವ ಕೆರೆಯಿಂದ ಎರಡು ಫರ್ಲಾಂಗ್ ದೂರದ ಬಾಡಿಗೆ ಬಂಗಲೆಯೊಂದರಲ್ಲಿ ಸ್ಥಾಪಿಸಲಾಯಿತು. ಕಡಲ ತೀರದಲ್ಲಿ ಕಚೇರಿ ಮಾಡಿದರೆ ಕಡತಗಳಿಗೆ ತೇವ ಹಿಡಿಯುತ್ತದೆ ಎಂದು ಹಿರಿಯರು ಯೋಚಿಸಿದ್ದರು. ಅವರ ದೂರದೃಷ್ಟಿ ಫಲಿಸಿತು. ನಾನು ಅಲ್ಲಿದ್ದಷ್ಟು ಕಾಲ ನಮ್ಮ ಒಂದು ಕಾಗದವೂ ಒದ್ದೆಯಾಗಲಿಲ್ಲ.

ನಾನು ಆ ಕಚೇರಿಯ ಹೆಡ್ ಕ್ಲರ್ಕ್, ಹೆಸರು ಅನಂತರಾಮ, ತುಮಕೂರಿನ ಕಡೆಯವನು. ನಮ್ಮ ನಿರ್ದೇಶಕರು ಶ್ರೀ ಪಟ್ಟಾಭಿರಾಮ, ಮೈಸೂರಿನವರು. ಅವರಿಗೆ ನೀರೆಂದರೆ ಆಗದು. ಸ್ನಾನವನ್ನು ಕೂಡ ಕುರ್ಚಿಯ ಮೇಲೆ ಕೂತು, ಚೆಂಬು ಎಣಿಸಿಕೊಂಡು ಮಾಡುತ್ತಾರೆ ಎಂದು ಅವರ ಮನೆಯವರೇ ನನ್ನ ಹೆಂಡತಿಗೆ ಹೇಳಿದ್ದರು. ಜಾತಕದಲ್ಲಿ ಕುಜದೋಷವಿದ್ದ ಕಾರಣ ಬಲಗೈಯಲ್ಲಿ ಹವಳದ ಉಂಗುರ ಧರಿಸಿದ್ದರು. ಸಹಿ ಮಾಡುವಾಗಲೆಲ್ಲ ಆ ಕೆಂಪು ಹವಳ ಕಾಗದದ ಮೇಲೆ ಓಡಾಡುತ್ತಿತ್ತು. ಓದುಗರು ಈ ಉಂಗುರವನ್ನು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಕಚೇರಿಯಲ್ಲಿ ಈಜು ಬರುತ್ತಿದ್ದವರು ಒಬ್ಬರೇ. ವೈಜ್ಞಾನಿಕ ಸಹಾಯಕಿ ಸುಮಿತ್ರಾ, ಕುಮಟೆಯ ಹುಡುಗಿ, ಕಡಲಿನಲ್ಲಿಯೇ ಬೆಳೆದವಳು. ಅವಳ ಮೇಜಿನ ಮೇಲೆ ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯಲ್ಲಿ ಬೆಳ್ಳಗೆ ಸತ್ತ ಹವಳದ ಒಂದು ಕೊಂಬೆ ಇತ್ತು. ನಾಲ್ಕು ವರ್ಷಗಳಿಂದ ಅವಳು ಹವಳದ ಬಗ್ಗೆ ವರದಿ ಬರೆಯುತ್ತಿದ್ದಳು, ಆದರೆ ಜೀವಂತ ಹವಳವನ್ನು ಒಮ್ಮೆಯೂ ಕಂಡಿರಲಿಲ್ಲ.

"ನಮ್ಮೂರ ಕಡಲು ಕೆಸರು, ಅನಂತರಾಮ್ ಸರ್. ಮುಳುಗಿದ್ರೂ ನಮ್ಮ ಕೈಯೇ ನಮಗೆ ಕಾಣೂದಿಲ್ಲ," ಎಂದು ಒಮ್ಮೆ ಹೇಳಿದ್ದಳು. "ಅದು ಬದುಕಿರುವಾಗ ಸಣ್ಣ ಸಣ್ಣ ಬಾಯಿ ತೆರೀತದಂತೆ. ಒಂದು ಸಲ ನೋಡ್ಬೇಕು. ಮತ್ತೆ ಎಂತದೂ ಬೇಡ."

ಹಾಗೆ ಹೇಳುವಾಗ ಅವಳ ಮುಖ ನೋಡಿ ನನಗೂ ಅವಳು ನೋಡಲಿ ಅನಿಸಿತು. ಈ ಮಾತನ್ನು ನಾನು ಎಲ್ಲಿಯೂ ದಾಖಲಿಸಿಲ್ಲ, ಈಗ ದಾಖಲಿಸುತ್ತಿದ್ದೇನೆ.

ಅರವತ್ತೈದರ ಡಿಸೆಂಬರಿನಲ್ಲಿ ಅವಳು ಒಂದು ಯೋಜನೆ ಸಲ್ಲಿಸಿದಳು. ಕಚ್ಛ್ ಕೊಲ್ಲಿಯಲ್ಲಿ ಹವಳದ ಒಂದು ದ್ವೀಪವಿದೆ. ಜಾಮ್‌ನಗರದವರೆಗೆ ರೈಲು, ಅಲ್ಲಿಂದ ದೋಣಿ. ಯುಗಾದಿಯ ಅಮಾವಾಸ್ಯೆಗೆ ಸಮುದ್ರ ಬಹಳ ಹಿಂದಕ್ಕೆ ಸರಿಯುತ್ತದೆ, ನೀರು ತಿಳಿಯಾಗುತ್ತದೆ. ಆಗ ಮುಖಕ್ಕೆ ಗಾಜು ಕಟ್ಟಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ಬೋರಲು ತೇಲುತ್ತ ನೋಡಬಹುದು, ಬೇಕಾದಲ್ಲಿ ಮುಳುಗಲೂಬಹುದು. ಯೋಜನೆಯ ಹೆಸರು 'ಜವಾಬ್ದಾರಿಯುತ ಮುಳುಗು ಪ್ರವಾಸ'. ಷರತ್ತುಗಳನ್ನು ಅವಳೇ ವಿಧಿಸಿದ್ದಳು. ಹವಳವನ್ನು ಮುಟ್ಟತಕ್ಕದ್ದಲ್ಲ. ಅದರ ಮೇಲೆ ಕಾಲಿಡತಕ್ಕದ್ದಲ್ಲ. ದೋಣಿಯ ಲಂಗರನ್ನು ಅದರ ಮೇಲೆ ಇಳಿಸತಕ್ಕದ್ದಲ್ಲ. ಒಂದು ಚೂರನ್ನೂ ಮುರಿದು ತರತಕ್ಕದ್ದಲ್ಲ.

ನಿರ್ದೇಶಕರು ಸಭೆ ಕರೆದರು.

"ಮುಟ್ಟಲ್ಲ, ಮುರಿಯಲ್ಲ, ತರಲ್ಲ. ಮತ್ತೆ ಹೋಗೋದು ಯಾತಕ್ಕಮ್ಮ?" ಎಂದು ಕೇಳಿದರು.

"ನೋಡೂಕೆ, ಸರ್."

"ನೋಡಿದ್ದಕ್ಕೆ ರಸೀದಿ ಯಾರು ಕೊಡ್ತಾರೆ?"

ಉತ್ತರಕ್ಕೆ ಕಾಯದೆ ನಿರ್ದೇಶಕರು ಮುಂದಿನ ಅಂಶಕ್ಕೆ ಬಂದರು. "ಜವಾಬ್ದಾರಿಯುತ ಅಂತ ಬರೆದಿದ್ದೀರಿ. ಜವಾಬ್ದಾರಿ ಯಾರದು?"

ನಮ್ಮ ಕಚೇರಿಯಲ್ಲಿ ಆ ಪದಕ್ಕೆ ಒಂದೇ ಅರ್ಥ. ಏನಾದರೂ ಎಡವಟ್ಟಾದರೆ ಮೆಮೊ ಯಾರ ಮನೆಗೆ ಹೋಗಬೇಕು ಎಂಬುದೇ ಜವಾಬ್ದಾರಿ. ಸಭೆಯಲ್ಲಿದ್ದ ಒಂಬತ್ತು ಮಂದಿಯೂ ತಲೆಯೆತ್ತಿ ಫ್ಯಾನ್ ನೋಡಿದೆವು. ಚಳಿಗಾಲವಾದ್ದರಿಂದ ಫ್ಯಾನ್ ನಿಂತಿತ್ತು.

"ನಾ ಬರೆದದ್ದು ಹವಳದ ಬಗ್ಗೆ ನಮ್ಮ ಜವಾಬ್ದಾರಿ, ಸರ್," ಎಂದಳು ಸುಮಿತ್ರಾ.

"ಹವಳ ಅಂತ ನಮ್ಮ ಸಿಬ್ಬಂದಿ ಪಟ್ಟೀಲಿ ಯಾರೂ ಇಲ್ಲವಲ್ಲ," ಎಂದರು ನಿರ್ದೇಶಕರು.

ಕೊನೆಗೆ ಯೋಜನೆ ಬರೆದವರೇ ಜವಾಬ್ದಾರರು ಎಂದು ತೀರ್ಮಾನವಾಯಿತು. ನೀರಿನಲ್ಲಿ ನಡೆದುಕೊಳ್ಳುವ ಬಗ್ಗೆ ನಿಯಮಗಳನ್ನು ರಚಿಸುವ ಕೆಲಸ ನನಗೆ ಬಂತು. ಒಂದು ವಾರ ಕೂತು ಬರೆದೆ. ಕಿರಿಯ ನೌಕರರು ಹಿರಿಯ ಅಧಿಕಾರಿಗಳಿಗಿಂತ ಮೇಲಿನ ನೀರಿನಲ್ಲಿ ತೇಲುವುದು ಅಶಿಸ್ತು. ಅಧಿಕಾರಿ ಮೇಲೆ ಬರುವ ಮೊದಲು ಅಧೀನರು ಉಸಿರೆಳೆಯಲು ಮೇಲೆ ಬರಬಾರದು. ಅನಿವಾರ್ಯವಾಗಿ ಬರಬೇಕಾದಲ್ಲಿ ಅರ್ಧ ದಿನದ ರಜೆ ಹಾಕಿ ಬರಬಹುದು. ಮುಳುಗಿದ ಸ್ಥಿತಿಯಲ್ಲಿ ಕೊಟ್ಟ ಮೌಖಿಕ ಆದೇಶಗಳನ್ನು ದಡಕ್ಕೆ ಬಂದ ಮೂರು ದಿನದೊಳಗೆ ಲಿಖಿತದಲ್ಲಿ ದೃಢಪಡಿಸತಕ್ಕದ್ದು. ನಿರ್ದೇಶಕರು ಇದನ್ನು ಓದಿ, ಉಂಗುರದ ಕೈಯಿಂದ ಸಹಿ ಮಾಡಿ, "ಚೆನ್ನಾಗಿದೆ ಅನಂತರಾಮಯ್ಯನವರೇ, ಸಮುದ್ರಕ್ಕೂ ಒಂದು ಶಿಸ್ತು ಬಂತು," ಎಂದರು.

ಯೋಜನೆ ದೆಹಲಿಗೆ ಹೋಯಿತು. ಅನುಮತಿ ಬರುವುದರೊಳಗೆ ಸಲಕರಣೆ ಮತ್ತು ತರಬೇತಿ ಮುಗಿಸಬೇಕಿತ್ತು. 'ಉಸಿರೆಳೆಯುವ ಕೊಳವೆ' ಮತ್ತು 'ಹತ್ತಿರದಿಂದ ನೋಡುವ ಗಾಜು' ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು. ಕೊಳವೆಗೆ ವಡೋದರಾದ ಹುಕ್ಕಾ ವ್ಯಾಪಾರಿಯೊಬ್ಬನ ಅರ್ಜಿ ಬಂತು. ಗಾಜಿಗೆ ಸೂರತ್ತಿನಲ್ಲಿ ವಜ್ರ ಉಜ್ಜುವವನೊಬ್ಬ ತನ್ನ ಭೂತಗನ್ನಡಿಯನ್ನು ಮಾದರಿಯಾಗಿ ಕಳಿಸಿದ. ಬೇರೆ ಯಾರೂ ಅರ್ಜಿ ಹಾಕದ ಕಾರಣ ಇಬ್ಬರನ್ನೂ ಸರ್ವಾನುಮತದಿಂದ ಆರಿಸಿದೆವು. ಹತ್ತು ಹುಕ್ಕಾ ನಳಿಗೆಗಳು ಬಂದವು, ನೋಡಲು ಬಹಳ ಅಂದ, ಮೇಲೆ ಜರಿ ಸುತ್ತಿತ್ತು. ಸುಮಿತ್ರಾ ಒಂದನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. ಮಾರನೇ ದಿನ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಒಂದು ದುಂಡು ಗಾಜು ಕೂರಿಸಿ, ತಾನೇ ಒಂದು ಮುಖವಾಡ ಮಾಡಿಕೊಂಡು ತಂದಳು. ಬಕೆಟ್ಟಿನಲ್ಲಿ ಮುಖ ಅದ್ದಿ ಪರೀಕ್ಷಿಸಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. ಅದನ್ನು ಹವಳದ ಜಾಡಿಯಿದ್ದ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಳು.

ತರಬೇತಿಗೆ ವಸ್ತ್ರಾಪುರದ ಕೆರೆ ಹತ್ತಿರವಿತ್ತು. ಆದರೆ ಕೆರೆಯಲ್ಲಿ ನೀರಿದೆ, ನೀರಿದ್ದಲ್ಲಿ ಅಪಾಯವಿದೆ ಎಂದು ನಿರ್ದೇಶಕರು ಸಾಬರಮತಿಯನ್ನು ಆರಿಸಿದರು. ಫೆಬ್ರವರಿಯ ಸಾಬರಮತಿಯಲ್ಲಿ ಮರಳು ಮತ್ತು ಕಲ್ಲಂಗಡಿ ಬಳ್ಳಿ ಮಾತ್ರ ಇದ್ದವು. ನಾವು ಒಂಬತ್ತು ಮಂದಿ ಬಾಯಲ್ಲಿ ಜರಿಯ ನಳಿಗೆ ಕಚ್ಚಿ, ಸಾಲಾಗಿ ಮರಳ ಮೇಲೆ ಬೋರಲು ಮಲಗಿ, ಕೈಕಾಲು ಆಡಿಸಿದೆವು. ನಿರ್ದೇಶಕರು ದಡದಲ್ಲಿ ಕೊಡೆ ಹಿಡಿದು ನಿಂತು ಆಳವನ್ನು ಕೂಗಿ ಹೇಳುತ್ತಿದ್ದರು. "ಹತ್ತಡಿ. ಹದಿನೈದಡಿ. ಸಾಕು, ಮೇಲೆ ಬನ್ನಿ." ಕಲ್ಲಂಗಡಿ ಕಾಯುತ್ತಿದ್ದ ಮುದುಕನೊಬ್ಬ ಬಹಳ ಹೊತ್ತು ನೋಡಿ ಹತ್ತಿರ ಬಂದು, "ಶುಂ ಖೋವಾಯುಂ ಛೇ, ಭಾಯಿ?" ಎಂದು ಕೇಳಿದ. ಏನು ಕಳೆದುಹೋಗಿದೆ ಎಂದು ಅವನ ಪ್ರಶ್ನೆ. ಅದಕ್ಕೆ ಉತ್ತರಿಸುವ ಅಧಿಕಾರ ನಮಗೆ ಯಾರಿಗೂ ಇರಲಿಲ್ಲ. ತರಬೇತಿಯಲ್ಲಿ ಎಲ್ಲರೂ ತೇರ್ಗಡೆಯಾದರು, ಯಾರೂ ಮುಳುಗಲಿಲ್ಲ.

ಫೆಬ್ರವರಿ ಕೊನೆಯಲ್ಲಿ ದೆಹಲಿಯಿಂದ ಅನುಮತಿ ಬಂತು. ಅದು ಹಿಂದಿಯಲ್ಲಿತ್ತು. ಇಂಗ್ಲಿಷ್ ಪ್ರತಿ ಹಿಂದೆಯೇ ಬರುತ್ತದೆ ಎಂದು ಅಡಿಯಲ್ಲಿ ಬರೆದಿತ್ತು, ಅದು ಇಂದಿಗೂ ಬರುತ್ತಲೇ ಇದೆ. ಹಿಂದಿ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ನನ್ನ ಹಕ್ಕು, ಏಕೆಂದರೆ ಸರ್ಕಾರಿ ನೌಕರರ ಹಿಂದಿ ಪರೀಕ್ಷೆಗಳಲ್ಲಿ ಕಟ್ಟಕಡೆಯದಾದ ಪ್ರಾಜ್ಞವನ್ನು ಮೂರನೇ ಪ್ರಯತ್ನದಲ್ಲಿ ಪಾಸು ಮಾಡಿದ್ದವನು ಕಚೇರಿಯಲ್ಲಿ ನಾನೊಬ್ಬನೇ. ರಾಜಭಾಷಾ ಮೇಲ್ವಿಚಾರಕ ಎಂಬ ಹೊಸ ಹುದ್ದೆಗೆ ನನ್ನ ಹೆಸರೂ ಹೋಗಿತ್ತು.

ಪತ್ರದಲ್ಲಿ 'ಮೂಂಗಾ ದ್ವೀಪ್' ಎಂದಿತ್ತು. ನಾನು ಯೋಚಿಸಿದೆ. ಮೂಂಗ್ ಎಂದರೆ ಹೆಸರುಕಾಳು. ಇದನ್ನು ಹದಿನೈದು ದಿನಕ್ಕೊಮ್ಮೆ ಅಂಗಡಿಯಲ್ಲಿ ಕೊಂಡು ತರುವವನು ನಾನೇ. ಇನ್ನು ಮೂಂಗಾ. ಹಿಂದಿಯಲ್ಲಿ ಪ್ರತಿ ವಸ್ತುವಿಗೂ ಲಿಂಗವಿದೆ, ನನ್ನನ್ನು ಎರಡು ಸಲ ಫೇಲು ಮಾಡಿಸಿದ್ದು ಅದೇ. ಚಿಕ್ಕದು ಡಬ್ಬಿ, ದೊಡ್ಡದು ಡಬ್ಬಾ. ಚಿಕ್ಕದು ಘಂಟಿ, ದೊಡ್ಡದು ಘಂಟಾ. ಆದ್ದರಿಂದ ಚಿಕ್ಕದು ಮೂಂಗ್ ಆದರೆ ದೊಡ್ಡದು ಮೂಂಗಾ. ವ್ಯಾಕರಣ ಎಲ್ಲೂ ತಪ್ಪಿರಲಿಲ್ಲ. 'ದಪ್ಪ ಹೆಸರುಕಾಳಿನ ದ್ವೀಪಕ್ಕೆ ಪ್ರವಾಸ ಮಾಡಲು ಮಾರ್ಚ್ ಮೂವತ್ತೊಂದರವರೆಗೆ ಅನುಮತಿ ನೀಡಲಾಗಿದೆ' ಎಂದು ಬರೆದು ಮುಂದಿಟ್ಟೆ. ನಿರ್ದೇಶಕರು ಓದಿದರು. ಹವಳದ ಉಂಗುರ ಕಾಗದದ ಮೇಲೆ ಎಡದಿಂದ ಬಲಕ್ಕೆ ಹೋಗಿ ನಿಂತಿತು, ಸಹಿ ಆಯಿತು.

ಸುಮಿತ್ರಾ ಓಡಿ ಬಂದಳು.

"ಸರ್, ಮೂಂಗಾ ಅಂದ್ರೆ ಹವಳ. ಹೆಸರುಕಾಳಲ್ಲ."

"ಎಲ್ಲಿ ಬರೆದಿದೆ?"

ಅವಳು ನಿಘಂಟು ತೆರೆದು ತೋರಿಸಿದಳು. ನಿರ್ದೇಶಕರು ಮೊದಲ ಪುಟ ತಿರುಗಿಸಿದರು. "ಇದರಲ್ಲಿ ನಿಮ್ಮ ಹೆಸರಿದೆ. ಇದು ನಿಮ್ಮ ಸ್ವಂತ ಪುಸ್ತಕ. ಸ್ವಂತ ಪುಸ್ತಕದಲ್ಲಿರೋ ಅರ್ಥ ಸ್ವಂತಕ್ಕೆ ಬಳಸಿಕೊಳ್ಳಿ."

"ಸರ್, ನಿಮ್ಮ ಬೆರಳಲ್ಲಿರೂದೇ ಮೂಂಗಾ."

ನಿರ್ದೇಶಕರು ಬೆರಳು ನೋಡಿಕೊಂಡರು. "ಇದು ಹವಳ. ಜೋಯಿಸರು ಕೊಟ್ಟಿದ್ದು. ಕಚೇರಿಗೂ ಇದಕ್ಕೂ ಸಂಬಂಧವಿಲ್ಲ." ಆಮೇಲೆ ದನಿ ತಗ್ಗಿಸಿ, ಮಗಳಿಗೆ ಹೇಳುವಂತೆ, "ನೋಡೀಮ್ಮಾ, ನಾನು ಸಹಿ ಹಾಕಿದ್ದೇನೆ. ಸಹಿ ಬೀಳೋ ತನಕ ಅದು ಹವಳವೋ ಹೆಸರುಕಾಳೋ ಅಂತ ಮಾತಾಡಬಹುದಿತ್ತು. ಈಗ ಅದು ಹೆಸರುಕಾಳು. ತಪ್ಪು ಅಂತಿದ್ದರೆ ಪ್ರಾಜ್ಞಕ್ಕಿಂತ ದೊಡ್ಡ ಪರೀಕ್ಷೆ ಪಾಸಾದವರು ಹೇಳಬೇಕು," ಎಂದರು.

ಪ್ರಾಜ್ಞಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನು ಫ್ಯಾನ್ ಕಡೆ ನೋಡಿದೆ.

ಸಂಜೆ ಮನೆಯಲ್ಲಿ ನನ್ನ ಹೆಂಡತಿ ಕಾಮಾಕ್ಷಿಗೆ ಸುಮ್ಮನೆ ವಿಷಯ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು.

"ರೀ, ಹೋದ ವರ್ಷ ನನ್ನ ತಾಳಿಗೆ ಹವಳ ಪೋಣಿಸಬೇಕು ಅಂತ ಮಾಣೆಕ್ ಚೌಕಿಗೆ ಹೋಗಿದ್ದು ಮರೆತುಹೋಯ್ತೇ? ಹವಳಕ್ಕೆ ಗುಜರಾತಿ ಮಾತು ಬಾಯಿಗೆ ಬರದೆ ಪರಾವಾಲಾ, ಪರವಾಳ ಅಂತ ಏನೇನೋ ಒದ್ದಾಡಿದ್ರಿ. ಕೊನೆಗೆ ಆ ಮಾರ್ವಾಡಿ ಮೂಂಗಾ ಬೇಕಾ ಅಂದ. ಹ್ಞೂಂ ಹ್ಞೂಂ ಅಂತ ತಲೆ ಆಡಿಸಿದೋರು ನೀವೇ."

ತಾಳಿ ಅವಳ ಕೊರಳಲ್ಲಿತ್ತು, ಕರಿಮಣಿಗಳ ನಡುವೆ ಎರಡು ಕೆಂಪು ಹವಳ. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ನಮೂದಿಸಲು ಕಡತದಲ್ಲಿ ಅಂಕಣವಿರಲಿಲ್ಲ.

"ನಾಳೆ ಹೋಗಿ ಸರಿ ಮಾಡಿಬಿಡಿ. ಒಂದು ಸಾಲು ಅಲ್ವೇ?" ಎಂದಳು ಕಾಮಾಕ್ಷಿ. "ಆ ಹುಡುಗಿ ಎಷ್ಟು ಆಸೆ ಇಟ್ಟುಕೊಂಡಿದ್ದಾಳೆ."

ಮಾರನೇ ದಿನ ಆ ಒಂದು ಸಾಲನ್ನು ಬರೆದೆ. ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತ ಒಂದು ವಾರ ಕಳೆಯಿತು. ಅಷ್ಟರಲ್ಲಿ ಅನುವಾದದ ಪ್ರತಿ ದೆಹಲಿಗೆ ಹೋಗಿ, ಅಲ್ಲಿ ಆಹಾರದ ಕಡೆಯವರ ಕೈ ಸೇರಿತ್ತು. ಅದು ಮಳೆ ಕೈಕೊಟ್ಟ ವರ್ಷ. ದೇಶದಲ್ಲಿ ಧಾನ್ಯ ಉಳಿಸಲೆಂದು ಸೋಮವಾರ ರಾತ್ರಿ ಊಟ ಬಿಡುವ ವ್ರತ ನಡೆಯುತ್ತಿತ್ತು. ಅಂಥ ಕಾಲದಲ್ಲಿ ಒಂದು ಇಡೀ ದ್ವೀಪವೇ ಹೆಸರುಕಾಳು ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ? ದ್ವಿದಳ ಧಾನ್ಯ ವಿಭಾಗದಿಂದ ತಂತಿ ಬಂತು, ಹಿಂದೆಯೇ ಪ್ರಶ್ನಾವಳಿಯೂ ಬಂತು. ನೀರಾವರಿ ಸೌಕರ್ಯ ಉಂಟೇ ಎಂದು ಕೇಳಿದ್ದರು. ಭರತ ಇಳಿತಗಳನ್ನು ಲೆಕ್ಕ ಹಾಕಿ, ದಿನಕ್ಕೆರಡು ಬಾರಿ, ಪೂರ್ಣ ಪ್ರಮಾಣದಲ್ಲಿ, ಕಾಲುವೆಯಿಲ್ಲದೆ ಎಂದು ಉತ್ತರಿಸಿದೆವು. ಹಕ್ಕಿಗಳ ಕಾಟವಿದೆಯೇ? ಇಲ್ಲ, ಮೀನಿನ ಕಾಟದ ವಿಚಾರ ಪರಿಶೀಲನೆಯಲ್ಲಿದೆ. ಬರಗಾಲದ ಭಯವಿದೆಯೇ? ಈವರೆಗೆ ವರದಿಯಾಗಿಲ್ಲ. ಈ ಉತ್ತರಗಳಲ್ಲಿ ಒಂದೂ ಸುಳ್ಳಲ್ಲ ಎಂಬುದನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳಬಲ್ಲೆ.

ವಿಭಾಗದವರಿಗೆ ಎಷ್ಟು ಸಂತೋಷವಾಯಿತೆಂದರೆ, ಕಚೇರಿಯ ದರ್ಜೆಯನ್ನು ಏರಿಸುವ ಮಾತು ಬಂತು. ನಿರ್ದೇಶಕರಿಗೆ ಕಾರು, ನನಗೆ ಮೇಲ್ವಿಚಾರಕ ಹುದ್ದೆ. ಜೇಬಿನಲ್ಲಿದ್ದ ಸಾಲು ಬೆವರಿಗೆ ಒದ್ದೆಯಾಗಿ, ಮಡಿಕೆಯಲ್ಲಿ ಹರಿಯತೊಡಗಿತು. ನಮ್ಮ ಕಚೇರಿಯಲ್ಲಿ ಒದ್ದೆಯಾದ ಕಾಗದ ಅದೊಂದೇ, ಮತ್ತು ಅದು ಕಡತಕ್ಕೆ ಸೇರಿದ್ದಲ್ಲ.

ಸುಮಿತ್ರಾ ಇನ್ನೂ ಆಸೆ ಬಿಟ್ಟಿರಲಿಲ್ಲ.

"ಹೆಸರುಕಾಳು ಅಂತಲೇ ಇರ್ಲಿ ಸರ್," ಎಂದಳು ನಿರ್ದೇಶಕರಿಗೆ. "ಅನುಮತಿ ಉಂಟಲ್ಲ. ಹೆಸರುಕಾಳು ನೋಡೂಕೇ ಹೋಗ್ತೆ. ಹೋದಮೇಲೆ ಎಂತ ಕಾಣ್ತದೋ ಕಾಣ್ಲಿ."

ಇದು ನ್ಯಾಯವಾದ ಮಾತು. ನಿರ್ದೇಶಕರು ಪಂಚಾಂಗ ತೆಗೆದರು. "ಅಮಾವಾಸ್ಯೆ ದಿನ ಹೊರಡ್ತೀನಿ ಅಂತೀರಿ. ಮನೇಲಿ ಹಿರಿಯರಿಲ್ಲವೇ?"

"ಸಮುದ್ರ ಹಿಂದೆ ಹೋಗೂದೇ ಅವತ್ತು, ಸರ್."

"ಹಿಂದೆ ಹೋಗೋ ದಿನ ನಾವು ಮುಂದೆ ಹೋಗೋದು ಬೇಡ," ಎಂದು ಅವರು ಪಂಚಾಂಗ ಮುಚ್ಚಿದರು. ಅಷ್ಟಾದರೂ ಅವಳಿಗೆ ರೈಲು ಪ್ರಯಾಣದ ಕಾಗದ ಕೊಡಬೇಡಿ ಎಂದು ಅವರು ಹೇಳಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಯುಗಾದಿಗೆ ಇನ್ನೂ ಒಂದು ವಾರವಿತ್ತು, ಅವಳು ಮುಖವಾಡಕ್ಕೆ ಹೊಸ ಎಲಾಸ್ಟಿಕ್ ಹಾಕಿಸಿಕೊಂಡಳು.

ಆಗ ದ್ವಿದಳ ಧಾನ್ಯ ವಿಭಾಗದಿಂದ ಕೊನೆಯ ಪತ್ರ ಬಂತು. ತಂಡ ಹೊರಡುವ ಮೊದಲು ಬೆಳೆಯ ಮಾದರಿಯನ್ನು ಕಳಿಸತಕ್ಕದ್ದು, ಮಾದರಿ ನೋಡಿದ ಮೇಲೆ ಪ್ರವಾಸದ ಅಗತ್ಯವನ್ನು ತೀರ್ಮಾನಿಸಲಾಗುವುದು. ಹೋಗದೆ ಮಾದರಿ ತರುವುದು ಹೇಗೆ ಎಂದು ಸುಮಿತ್ರಾ ಕೇಳಿದಳು. ನಿಯಮಗಳಲ್ಲಿ ಅದಕ್ಕೂ ದಾರಿಯಿತ್ತು. ಸ್ಥಳದಲ್ಲಿ ದೊರೆಯದ ಮಾದರಿಯನ್ನು ಸಮೀಪದ ಮಾರುಕಟ್ಟೆಯಿಂದ ಪಡೆಯಬಹುದು. ನಾನೇ ಹೋಗಿ ನಾಲ್ಕು ಕಿಲೋ ಹೆಸರುಕಾಳು ತಂದೆ. ಅಂಗಡಿಯವನಿಗೆ ದಪ್ಪ ಕಾಳೇ ಬೇಕೆಂದು ಹೇಳಿ, ಆರಿಸಿ ತಂದೆ.

ಒಂದು ಕಿಲೋ ದೆಹಲಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಹಿಡಿಯನ್ನು ಕಚೇರಿಯ ಮಾದರಿಯಾಗಿ ಇಡಬೇಕಿತ್ತು. ಸಾಗರದ ಮಾದರಿಗಳನ್ನು ದ್ರವದಲ್ಲೇ ಇಡತಕ್ಕದ್ದು ಎಂಬ ಹಳೆಯ ನಿಯಮದಂತೆ ಅದನ್ನು ಗಾಜಿನ ಜಾಡಿಗೆ ಹಾಕಿ, ಫಾರ್ಮಲಿನ್ ಮುಗಿದಿದ್ದ ಕಾರಣ ನಲ್ಲಿಯ ನೀರು ಹೊಯ್ದು, ಸುಮಿತ್ರಾಳ ಮೇಜಿನ ಮೇಲೆ ಹವಳದ ಜಾಡಿಯ ಪಕ್ಕದಲ್ಲಿ ಇಟ್ಟೆವು. ಮರುದಿನ ನೀರು ಕಮಟು ಹೊಡೆಯಿತೆಂದು ಯಾರೋ ಅದನ್ನು ಬಸಿದರು. ಮಾರ್ಚ್ ತಿಂಗಳ ಅಹಮದಾಬಾದು. ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಪ್ರತಿ ಕಾಳೂ ಬಾಯಿ ತೆರೆದು, ಬೆಳ್ಳಗಿನ ಪುಟ್ಟ ಮೊಳಕೆ ಚಾಚಿತ್ತು.

ನಿರ್ದೇಶಕರನ್ನು ಕರೆಸಿದೆವು. ಅವರು ಸೂರತ್ತಿನ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಸುಮಿತ್ರಾ ಅವರೇ, ನೀವು ನಿಮ್ಮ ಯೋಜನೇಲಿ ಏನು ಬರೆದಿದ್ರಿ? ಉದ್ದೇಶ ಅನ್ನೋ ಕಡೆ?"

"ಜೀವಂತ ಹವಳವನ್ನು ಕಣ್ಣಾರೆ ನೋಡೂದು, ಸರ್."

"ಹಿಂದೀಲಿ ಮೂಂಗಾ. ಬಾಯಿ ತೆರೆಯುತ್ತೆ ಅಂತಲೂ ಬರೆದಿದ್ರಿ." ಅವರು ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು. "ಜೀವಂತ ಇದೆ, ಬಾಯೂ ತೆರೆದಿದೆ. ನೋಡಿ."

ಅವಳು ಗಾಜು ಹಿಡಿದು ಬಗ್ಗಿದಳು. ನನ್ನ ಕೈ ಜೇಬಿಗೆ ಹೋಯಿತು, ಆ ಹರಿದ ಸಾಲನ್ನು ಮುಟ್ಟಿತು, ಅಲ್ಲಿಯೇ ನಿಂತಿತು. ಈಗ ಕೊಡಬಹುದಾಗಿತ್ತು. ಕೊಡಲಿಲ್ಲ. ಇದಕ್ಕೆ ನಿಯಮವನ್ನು ದೂರುವಂತಿಲ್ಲ, ಇದು ನಾನೇ ಮಾಡಿದ್ದು.

ಅಂದೇ ಮಧ್ಯಾಹ್ನ ಪ್ರಕಟಣೆ ಹೊರಟಿತು. ಜೀವಂತ ಮೂಂಗಾ ಕಚೇರಿಯಲ್ಲಿಯೇ ಲಭ್ಯವಾಗಿರುವುದರಿಂದ ಪ್ರವಾಸದ ಉದ್ದೇಶ ಈಡೇರಿದೆ ಎಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ಯೋಜನೆಯ ಎಲ್ಲ ಷರತ್ತುಗಳನ್ನೂ ಅಕ್ಷರಶಃ ಪಾಲಿಸಲಾಗಿದೆ. ದ್ವೀಪದಲ್ಲಿ ಏನನ್ನೂ ಮುಟ್ಟಿಲ್ಲ. ಯಾವುದರ ಮೇಲೂ ಕಾಲಿಟ್ಟಿಲ್ಲ. ಲಂಗರು ಇಳಿಸಿಲ್ಲ. ಒಂದು ಚೂರನ್ನೂ ಮುರಿದು ತಂದಿಲ್ಲ. ಹೋಗಿದ್ದರೆ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವುದು ಸಾಧ್ಯವಾಗುತ್ತಿರಲಿಲ್ಲ. ಆದಕಾರಣ ಇದನ್ನು ಈವರೆಗಿನ ಅತ್ಯಂತ ಜವಾಬ್ದಾರಿಯುತ ಮುಳುಗು ಪ್ರವಾಸವೆಂದು ಘೋಷಿಸಲಾಗಿದೆ.

ಕೆಳಗೆ 'ಜವಾಬ್ದಾರರು' ಎಂಬಲ್ಲಿ ಸುಮಿತ್ರಾ ಸಹಿ ಮಾಡಬೇಕಿತ್ತು. ಷರತ್ತುಗಳು ಅವಳವೇ, ಒಂದೂ ಮುರಿದಿರಲಿಲ್ಲ. ಅವಳು ಎರಡು ಸಲ ಓದಿದಳು.

"ಇದ್ರಲ್ಲಿ ತಪ್ಪು ಎಂತದೂ ಇಲ್ಲ ಅಲ್ವಾ, ಅನಂತರಾಮ್ ಸರ್?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ.

ಸಹಿ ಮಾಡಿದಳು. ಯುಗಾದಿಯ ಅಮಾವಾಸ್ಯೆಗೆ ಎಂದಿನಂತೆ ಸಮುದ್ರ ಹಿಂದಕ್ಕೆ ಸರಿದಿರಬೇಕು. ನಮಗೆ ಆ ಬಗ್ಗೆ ಯಾವುದೇ ಪತ್ರ ಬರಲಿಲ್ಲ.

ಆ ವರ್ಷ ರಾಮನವಮಿ ಮಾರ್ಚ್ ಕೊನೆಗೇ ಬಿದ್ದಿತು. ಅನುಮತಿಯ ಅವಧಿ ಮುಗಿಯುವ ಮುನ್ನ ಮಾದರಿಗಳನ್ನು ವಿಲೇವಾರಿ ಮಾಡಬೇಕೆಂಬ ನಿಯಮವೂ ಇತ್ತು. ಎರಡನ್ನೂ ಕೂಡಿಸಿ, ಉಳಿದ ಮಾದರಿಯನ್ನು ನೆನೆಹಾಕಿ, ಕನ್ನಡ ಸಂಘದ ಪಾನಕದ ಸಭೆಯಲ್ಲಿ ಕೋಸಂಬರಿ ಮಾಡಿ ಹಂಚಿದೆವು. ಕೋಸಂಬರಿಗೆ ಬೇಳೆಯಾಗಬೇಕು, ಇಡೀ ಕಾಳು ಶಾಸ್ತ್ರವಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ಇದು ಸಮುದ್ರದ ಬೆಳೆ, ಇದರ ಶಾಸ್ತ್ರವೇ ಬೇರೆ ಎಂದು ನಿರ್ದೇಶಕರು ವಿವರಿಸಿದ ಮೇಲೆ ಅವರೂ ಕೈಯೊಡ್ಡಿದರು.

ಕಾಮಾಕ್ಷಿ ದೊನ್ನೆ ಹಿಡಿದು ಸುಮಿತ್ರಾಳ ಮುಂದೆ ಬಗ್ಗಿದಳು. ತಾಳಿ ಮುಂದಕ್ಕೆ ಜೋತುಬಿತ್ತು. ಸುಮಿತ್ರಾ ಆ ಎರಡು ಕೆಂಪು ಹವಳಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು.

"ಇದು ಸತ್ತದ್ದು, ಅಕ್ಕ," ಎಂದಳು ಮೆಲ್ಲಗೆ.

ಪಕ್ಕದಲ್ಲಿದ್ದ ಹೆಂಗಸರು ಬೆಚ್ಚಿ, ಬಿಡ್ತು ಅನ್ನು ಬಿಡ್ತು ಅನ್ನು ಎಂದರು. ತಾಳಿ ಹಿಡಿದು ಆಡುವ ಮಾತೇ ಅದು? ಕಾಮಾಕ್ಷಿ ಮಾತ್ರ ಕೋಪಿಸಿಕೊಳ್ಳಲಿಲ್ಲ. ಸುಮಿತ್ರಾಳ ದೊನ್ನೆಗೆ ಇನ್ನೊಂದು ಹಿಡಿ ಹಾಕಿ, ತಲೆಯೆತ್ತಿ ನನ್ನ ಕಡೆ ನೋಡಿದಳು. ಅವಳು ಹಾಗೆ ನೋಡಿದ್ದನ್ನು ನಾನು ಮರೆತಿಲ್ಲ. ಪಾನಕ ಕುಡಿದೆ, ಬೆಲ್ಲ ಜಾಸ್ತಿಯಾಗಿತ್ತು.

ಮುಂದಿನದೆಲ್ಲ ಕ್ರಮಬದ್ಧವಾಗಿ ನಡೆಯಿತು. ದ್ವೀಪ ಬೆಳೆ ನಕ್ಷೆಯಲ್ಲಿ ಸೇರಿತು. ಮರುವರ್ಷವೂ ಮಳೆ ಬಾರದೆ ಎಲ್ಲೆಡೆ ಹೆಸರು ಒಣಗಿದಾಗ, ಬರ ತಟ್ಟದ ಏಕೈಕ ಹೆಸರು ಕ್ಷೇತ್ರವೆಂದು ನಮ್ಮ ಕಚೇರಿಗೆ ಪ್ರಶಸ್ತಿ ಫಲಕ ಬಂತು. ನಿರ್ದೇಶಕರಿಗೆ ಕಾರು ಬಂತು, ನಾನು ರಾಜಭಾಷಾ ಮೇಲ್ವಿಚಾರಕನಾದೆ. ಸುಮಿತ್ರಾಗೆ ಬಡ್ತಿ ಕೊಟ್ಟು ದ್ವಿದಳ ಧಾನ್ಯ ಅಧಿಕಾರಿ, ಸಾಗರ ವಿಭಾಗ, ಎಂದು ನೇಮಿಸಲಾಯಿತು. ಪ್ರತಿ ಫೆಬ್ರವರಿಯಲ್ಲಿ ಅವಳು ಮರಳ ಮೇಲೆ ನಮ್ಮೆಲ್ಲರಿಗೂ ತರಬೇತಿ ಕೊಡುತ್ತಿದ್ದಳು. ಆಳವನ್ನು ಅವಳೇ ಕೂಗಿ ಹೇಳುತ್ತಿದ್ದಳು, ನಿರ್ದೇಶಕರಿಗಿಂತ ಚೆನ್ನಾಗಿ. ಮುಖವಾಡ ಖಾನೆಯಲ್ಲೇ ಇತ್ತು. ಸೆಕೆಗೆ ಅದರ ರಬ್ಬರು ಬಿರುಕು ಬಿಟ್ಟಿತು.

ಅರವತ್ತೆಂಟರಲ್ಲಿ ರಜನಿ ಎಂಬ ಹೊಸ ಸಹಾಯಕಿ ಕೆಲಸಕ್ಕೆ ಸೇರಿದಳು. ಧಾರವಾಡದಿಂದ ಪ್ರಾಣಿಶಾಸ್ತ್ರ ಓದಿ ಬಂದ ಚುರುಕು ಹುಡುಗಿ. ಮೊದಲ ದಿನ ಸುಮಿತ್ರಾ ಅವಳಿಗೆ ಕಚೇರಿ ತೋರಿಸಿದಳು. ಮೇಜಿನ ಮೇಲೆ ಎರಡು ಜಾಡಿಗಳಿದ್ದವು. ಒಂದರಲ್ಲಿ ಆ ವಾರದ ಮೊಳಕೆ ಕಾಳು, ಪ್ರತಿ ಸೋಮವಾರ ಅದನ್ನು ಬದಲಿಸುವ ನಿಯಮ ಆಗಿತ್ತು. ಇನ್ನೊಂದರಲ್ಲಿ ಆ ಬಿಳಿಯ ಕೊಂಬೆ.

"ಇದೇನ್ರೀ ಮೇಡಂ?" ಎಂದು ರಜನಿ ಮೊದಲನೆಯದನ್ನು ತೋರಿಸಿ ಕೇಳಿದಳು.

"ಮೂಂಗಾ," ಎಂದಳು ಸುಮಿತ್ರಾ. "ಹೆಸರುಕಾಳು. ಸಮುದ್ರದ್ದು."

ರಜನಿ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಆಮೇಲೆ ಎರಡನೆಯ ಜಾಡಿಯ ಹತ್ತಿರ ಬಗ್ಗಿ, ಆ ಬಿಳಿಯ ಕೊಂಬೆಯನ್ನು ಬಹಳ ಹೊತ್ತು ನೋಡಿದಳು.

"ಮತ್ತ ಇದು, ಮೇಡಂ?"

ಸುಮಿತ್ರಾ ಜಾಡಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಅದಾ?" ಎಂದಳು. "ಅದು ಮೊಳಕೆ ಬಾರದ್ದು."